ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಉರಿಯುತ್ತಿದ್ದರೆ

ಕಲಬುರಗಿಯಲ್ಲಿ ಮೂಳೆ ಮುರಿದರೆ ದವಾಖಾನೆಗೆ ಬರ ಇಲ್ಲ. ಜಿಮ್ಸ್ ಇದೆ, ಇಎಸ್‌ಐಸಿ ಇದೆ, ಖಾಸಗಿಯವು ಬೇಕಾದಷ್ಟಿವೆ. ಅಷ್ಟಕ್ಕೂ ಸಮಾಧಾನ ಆಗದಿದ್ದರೆ ಸೋಲಾಪುರಕ್ಕೋ ಹೈದರಾಬಾದಿಗೋ ಗಾಡಿ ಹತ್ತುತ್ತೇವೆ. ಪ್ಲಾಸ್ಟರ್, ರಾಡ್, ಆಪರೇಷನ್ ಎಲ್ಲದಕ್ಕೂ ಸಾಲ ಮಾಡಿಯಾದರೂ ದುಡ್ಡು ಹೊಂದಿಸುತ್ತೇವೆ. ಚೀಟಿಯ ಕೊನೆಯಲ್ಲಿ 'ಫಿಸಿಯೋಥೆರಪಿ' ಅಂತ ಇದ್ದರೆ ಮಾತ್ರ, 'ಕೈ ಆಡಿಸೋಕೂ ದುಡ್ಡು ಕೊಡಬೇಕಾ' ಅಂತ ಮಡಚಿಡುತ್ತೇವೆ. ನನ್ನ ತಕರಾರು ಇರುವುದು ಇಲ್ಲಿ.

ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮೂಳೆ ಚೆನ್ನಾಗಿ ಕೂಡಿತು. ನೋವು ಮಾತ್ರ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಬೆರಳು ಊದಿದವು, ಚರ್ಮ ಕೆಂಪಗೆ ಹೊಳೆಯತೊಡಗಿತು. ಸೆರಗು ತಾಗಿದರೂ ಕೂಗುತ್ತಿದ್ದರು, ಫ್ಯಾನ್ ಗಾಳಿ ಕೂಡ ತಡೆಯಲಾಗುತ್ತಿರಲಿಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ಫ್ಯಾನ್ ಬೇಡ ಅನ್ನುವವರ ನೋವು ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ. ಎಕ್ಸ್‌ರೇಯಲ್ಲಿ ಎಲ್ಲ ಸರಿಯಿತ್ತು. ಹಾಗಾಗಿ ಮನೆಯಲ್ಲೇ ಕೆಲವರು 'ನಾಟಕ' ಅಂದರು.

ನಾಟಕ ಅಲ್ಲ. ಇದು ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್, ಚಿಕ್ಕದಾಗಿ ಸಿಆರ್‌ಪಿಎಸ್; ಗಾಯ ಮಾಗಿದ ಮೇಲೂ ಬಿಡದ ನೋವಿನ ಕಾಯಿಲೆ. ಹೆಸರು ಬಂದದ್ದು 1994ರಲ್ಲಿ, ಕಾಯಿಲೆ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರ ಇಂಥದ್ದೇ ಉರಿಯನ್ನು ಸೈಲಸ್ ವೇರ್ ಮಿಚೆಲ್ ಎಂಬ ವೈದ್ಯ ಬರೆದಿಟ್ಟಿದ್ದಾರೆ. ಹೆಂಗಸರಲ್ಲಿ ಇದು ಜಾಸ್ತಿ, ಮಣಿಕಟ್ಟು ಮುರಿದ ಮೇಲಂತೂ ಜಾಸ್ತಿ. ಇದೇ ಅಂತ ಖಚಿತವಾಗಿ ಹೇಳುವ ಒಂದು ರಕ್ತಪರೀಕ್ಷೆಯೋ ಸ್ಕ್ಯಾನೋ ಇಲ್ಲ. ಡಾಕ್ಟರು ಕೈಯ ಬಣ್ಣ, ಬಿಸಿ, ಬೆವರು, ಊತ, ಚಲನೆ ನೋಡಿ, ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಹೇಳಬೇಕು. ಕಳ್ಳ ಓಡಿಹೋದ ಮೇಲೂ ಬೊಗಳುತ್ತಲೇ ಇರುವ ನಾಯಿಯಂತೆ ನರಗಳು ವರ್ತಿಸುತ್ತವೆ. ಜೊತೆಗೆ, ಮಿದುಳಿನಲ್ಲಿರುವ ಕೈಯ ನಕ್ಷೆಯೂ ಮಸುಕಾಗುತ್ತದೆ. ಫೋಟೋ ತೋರಿಸಿ 'ಇದು ಎಡಗೈಯೋ ಬಲಗೈಯೋ' ಅಂತ ಕೇಳಿದರೆ ಅನೇಕರು ತಡವರಿಸುತ್ತಾರೆ.

ಫಿಸಿಯೋಥೆರಪಿಯ ಒಂದು ಚಿಕಿತ್ಸೆ ಶುರುವಾಗುವುದೂ ಇಂಥ ಫೋಟೋಗಳಿಂದಲೇ. ಆಸ್ಟ್ರೇಲಿಯಾದ ನೋವಿನ ಸಂಶೋಧಕ ಲೋರಿಮರ್ ಮೋಸ್ಲಿ 2004ರಲ್ಲಿ ಪ್ರಕಟಿಸಿದ ಕ್ರಮ ಇದು. ಮೊದಲು ಎಡ-ಬಲ ಗುರುತಿಸುವುದು. ಆಮೇಲೆ ಕೈ ಆಡಿಸದೆ, ಆಡಿಸಿದಂತೆ ಮನಸ್ಸಲ್ಲೇ ನೆನೆಯುವುದು. ಕೊನೆಗೆ ಕನ್ನಡಿ: ನೋಯುವ ಕೈಯನ್ನು ಕನ್ನಡಿಯ ಹಿಂದಿಟ್ಟು, ಒಳ್ಳೆಯ ಕೈಯ ಬಿಂಬ ನೋಡುತ್ತಾ ಆಡಿಸುವುದು. ನೋಯುವ ಕೈಯೇ ಆರಾಮಾಗಿ ಆಡುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ದುಬಾರಿ ಯಂತ್ರ ಏನೂ ಬೇಡ. ಇದರ ಜೊತೆ ಹತ್ತಿ, ಮೆತ್ತನೆ ಬಟ್ಟೆ, ಟವೆಲ್ ಅಂತ ಸ್ಪರ್ಶದ ಅಭ್ಯಾಸವನ್ನೂ ಮಾಡಿಸುತ್ತಾರೆ. ಬ್ರಷ್ ಒತ್ತಿ ನೆಲ ತಿಕ್ಕುವುದು, ಕೈಯಲ್ಲಿ ಚೀಲ ಹಿಡಿದು ನಡೆಯುವುದು ಕೂಡ ವ್ಯಾಯಾಮವೇ. ಇದನ್ನು ಓದಿ ಸೊಸೆಗೆ ಮನೆಯೆಲ್ಲಾ ತಿಕ್ಕಲು ಹಚ್ಚಬೇಡಿ ಮತ್ತೆ! ಎಷ್ಟು ಹೊತ್ತು, ಎಷ್ಟು ಭಾರ ಅಂತ ಫಿಸಿಯೋ ಅಳೆದು ಹೇಳಬೇಕು.

ಇದು ಪವಾಡ ಅಂತ ನಾನು ಹೇಳುವುದಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ, ಈ ಕಾಯಿಲೆಗೆ ಫಿಸಿಯೋಥೆರಪಿ ಕೊಟ್ಟ 34 ಪ್ರಯೋಗಗಳನ್ನು ನೋಡಿತು. ಪುರಾವೆಯ ಗುಣಮಟ್ಟ ತೀರಾ ಕಡಿಮೆ ಅಂತಲೇ ಅದು ಹೇಳಿದೆ. ಹಾಗಿದ್ದರೂ ನೋವು ಮತ್ತು ಚಲನೆ ಎರಡನ್ನೂ ಸುಧಾರಿಸಬಹುದಾದ, ಕಡಿಮೆ ಖರ್ಚಿನ ದಾರಿಯನ್ನು ಬಿಟ್ಟು ನಾವು ಏನು ಮಾಡುತ್ತಿದ್ದೇವೆ? ಒಂದೋ 'ಪಾಪ, ಅಲುಗಾಡಿಸಬೇಡ' ಅಂತ ತಿಂಗಳುಗಟ್ಟಲೆ ಕೈಯನ್ನು ಜೋಳಿಗೆಯಲ್ಲಿ ನೇತುಹಾಕುತ್ತೇವೆ. ಇಲ್ಲವೇ ಎಣ್ಣೆ ಹಚ್ಚಿ ಎಳೆಯುವವರ ಮುಂದೆ ಕೂರಿಸುತ್ತೇವೆ. ಮೊದಲನೆಯದರಿಂದ ಕೀಲು ಬಿಗಿಯುತ್ತದೆ, ಎರಡನೆಯದರಿಂದ ನೋವು ಕೆರಳುತ್ತದೆ. ಅತ್ತೆಗೆ ಎರಡೂ ಆಯಿತು. ಕನ್ನಡಿ, ಟವೆಲ್ ಅಂತ ಶುರುವಾದ ಮೇಲೆಯೇ ಹಿಟ್ಟು ನಾದುವಷ್ಟು ಕೈ ಬಂತು. ರೊಟ್ಟಿ ಬಡಿಯುವುದು ಇನ್ನೂ ಕಷ್ಟವೇ.

ಚಿಂಚೋಳಿಯಿಂದಲೋ ಆಳಂದದಿಂದಲೋ ದಿನಾ ಬಸ್ ಹತ್ತಿ ಅರ್ಧ ಗಂಟೆಯ ವ್ಯಾಯಾಮಕ್ಕೆ ಬರುವುದು ಯಾರಿಗೂ ಆಗದ ಮಾತು, ಗೊತ್ತು. ಕೂಲಿಯೂ ಹೋಗುತ್ತದೆ. ಅದಕ್ಕೇ ಮೊದಲ ಭೇಟಿಯಲ್ಲೇ ಕೇಳಿ: ಮನೆಯಲ್ಲಿ ಏನೇನು ಮಾಡಬೇಕು, ಎಷ್ಟು ನೋವಾದರೆ ನಿಲ್ಲಿಸಬೇಕು, ಮತ್ತೆ ಯಾವಾಗ ಬಂದು ತೋರಿಸಬೇಕು. ಮಾಡಿ ತೋರಿಸುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಜೊತೆಗೆ ಹೋಗುವವರು ಮನೆಯಲ್ಲಿ 'ನಾಟಕ' ಅಂದವರೇ ಆದರೆ ಇನ್ನೂ ಒಳ್ಳೆಯದು.