ಊಟ ಆಯಿತಾ?

ಇವತ್ತು ಬೆಳಿಗ್ಗೆ ಮೊಬೈಲ್ ಬಿಲ್ ಬಂದಿದೆ. ದುಬೈಯ ತಮ್ಮನ ಮನೆಯಲ್ಲಿ ಎಂಟು ದಿನ ಇದ್ದು ಬಂದದ್ದಕ್ಕೆ 4,300 ರೂಪಾಯಿ. ನಾನು ಅಲ್ಲಿಂದ ಒಂದು ಕರೆಯನ್ನೂ ಮಾಡಿದವನಲ್ಲ. ಬಿಲ್ಲಿನ ಮುಕ್ಕಾಲು ಸಾಲುಗಳಲ್ಲಿ ಒಂದೇ ನಂಬರ್: ಕಲ್ಯಾಣಪುರದ ದೊಡ್ಡಮ್ಮನದು.

ತಯಾರಿಯಲ್ಲಿ ನನ್ನ ತಪ್ಪಿಲ್ಲ. ಬಜಪೆಯಲ್ಲಿ ವಿಮಾನ ಹತ್ತುವ ಮೊದಲೇ ಡೇಟಾ ರೋಮಿಂಗ್ ಬಂದ್ ಮಾಡಿದ್ದೆ. ದುಬೈಯಲ್ಲಿ ಇಳಿದವನು ಪಾಸ್‌ಪೋರ್ಟ್ ತೋರಿಸಿ ಅಲ್ಲಿನ ಸಿಮ್ ತೆಗೆದುಕೊಂಡೆ. ದಿರ್ಹಮನ್ನು ರೂಪಾಯಿಗೆ ಗುಣಿಸಬಾರದು ಎಂದು ತಮ್ಮ ಎಚ್ಚರಿಸಿದ್ದ. ಗುಣಿಸಿದೆ, ಒಂದಕ್ಕೆ 20ಕ್ಕೂ ಮೇಲೆ. ಆ ದಿನ ನೀರು ಕುಡಿಯಲೂ ಮನಸ್ಸಾಗಲಿಲ್ಲ. ಊರಿನ ಸಿಮ್ ಮಾತ್ರ ಹಾಗೆಯೇ ಇತ್ತು, ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ ತಾನೇ. ಓಟಿಪಿಗೆಂದು ಬಿಟ್ಟ ಆ ಕನಕನ ಕಿಂಡಿಯಲ್ಲಿ ದರ್ಶನ ಕೊಟ್ಟವರು ದೊಡ್ಡಮ್ಮ.

ಅಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ವಾಟ್ಸಾಪ್ ಕರೆ ಹೋಗುವುದಿಲ್ಲ. ಆ ದೇಶದ ಕಟ್ಟಳೆ. ದೊಡ್ಡಮ್ಮ ಸಂದೇಶದವರಲ್ಲ. ವಾಟ್ಸಾಪ್ ಒತ್ತಿ ಒತ್ತಿ ಸಾಕಾಗಿ ಸಾದಾ ಕರೆಗೆ ಬಂದರು, ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ.

“ಊಟ ಆಯಿತಾ?”

ದುಬೈಯಲ್ಲಿ ಆಗ ಹನ್ನೊಂದೂವರೆ. ಇಲ್ಲ ಎಂದೆ.

“ಯಾಕೆ? ಅವನ ಹೆಂಡತಿ ಅಡುಗೆ ಮಾಡುವುದಿಲ್ಲವಾ?”

ಒಂದೂವರೆ ಗಂಟೆಯ ವ್ಯತ್ಯಾಸ ವಿವರಿಸಲು ನಾಲ್ಕು ನಿಮಿಷ ಹೋಯಿತು. ಮರುದಿನ ಮತ್ತೆ ಒಂದು ಗಂಟೆ, ಮತ್ತೆ ಅದೇ ಪ್ರಶ್ನೆ. “ದೊಡ್ಡಮ್ಮಾ, ನಾನು ಹೊರದೇಶದಲ್ಲಿರುವಾಗ ನೀವು ಮಾಡಿದರೂ ದುಡ್ಡು ಹೋಗುವುದು ನನ್ನದು” ಎಂದೆ.

“ಸುಮ್ಮನಿರು ಮಾರಾಯ, ಫೋನ್ ಮಾಡಿದ್ದು ನಾನು. ನನ್ನದು ಅನ್‌ಲಿಮಿಟೆಡ್.”

ಕರೆ ಎತ್ತದೆ ಇರಬಹುದಿತ್ತಲ್ಲ ಎನ್ನುವವರಿಗೆ ನಮ್ಮ ಕುಟುಂಬ ಗೊತ್ತಿಲ್ಲ. ಮೂರನೆಯ ದಿನ ಎತ್ತಲಿಲ್ಲ. ಸಂಜೆಯೊಳಗೆ ಕಟಪಾಡಿಯ ಅತ್ತೆ, ಮುಂಬಯಿಯ ಭಾವ ಎಲ್ಲರೂ ನನಗೇನಾಯಿತೆಂದು ಗಾಬರಿಯಿಂದ ವಿಚಾರಿಸಿದರು, ನನ್ನ ಖರ್ಚಿನಲ್ಲಿ.

ಐದನೆಯ ದಿನದ್ದು ಮರೆಯುವಂಥದ್ದಲ್ಲ. ಪದಾರ್ಥ ಏನು ಎಂದು ಕೇಳುತ್ತಿದ್ದವರು, “ಇಡಬೇಡ, ಮೀನಿನವಳು ಬಂದಳು” ಎಂದು ಫೋನನ್ನು ಜಗಲಿಯಲ್ಲಿಟ್ಟು ಎದ್ದುಹೋದರು. ದುಬೈಯ ದೇರಾದಲ್ಲಿ ತಮ್ಮನ ಬಾಲ್ಕನಿಯಲ್ಲಿ ನಿಂತು ನಾನು ಕಲ್ಯಾಣಪುರದ ಬಂಗುಡೆ ವ್ಯಾಪಾರ ಕೇಳಿದೆ. 200ಕ್ಕೆ ಆರು ಎಂದಳು ಅವಳು. ಎಂಟು ಎಂದರು ಇವರು. ಕಿವಿರು ಎತ್ತಿ ನೋಡಿ ನಿನ್ನೆಯದ್ದು ಎಂದರು. ಅವಳು ದೇವರ ಆಣೆ ಹಾಕಿದಳು. ಪಕ್ಕದ ಮನೆಯವರು ಬಂದು ಪಂಚಾಯಿತಿಗೆ ಕುಳಿತರು. ಬೆಕ್ಕೂ ಏನೋ ಹೇಳಿತು. ನಾನು “ಆಗಲಿ, ಆರೇ ತೆಗೆದುಕೊಳ್ಳಿ!” ಎಂದು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಹನ್ನೊಂದು ನಿಮಿಷದ ಮೇಲೆ ದೊಡ್ಡಮ್ಮ ಗೆದ್ದು ಬಂದರು. ಬಿಲ್ಲಿನ ಲೆಕ್ಕದಲ್ಲಿ ಆ ಹೆಚ್ಚಿನ ಎರಡು ಬಂಗುಡೆ ಒಂದೊಂದಕ್ಕೆ 400 ರೂಪಾಯಿ ಬಿದ್ದಿದೆ. ತಿಂದದ್ದು ನಾನಲ್ಲ.

ದೊಡ್ಡಪ್ಪ ಬಹರೈನಿನಲ್ಲಿದ್ದಾಗ ದೊಡ್ಡಮ್ಮ ನನ್ನ ಕೈಹಿಡಿದು ಪೇಟೆಯ ಎಸ್‌ಟಿಡಿ ಬೂತಿಗೆ ಹೋಗುತ್ತಿದ್ದರು. ಗಾಜಿನ ಗೂಡಿನೊಳಗೆ ಮೀಟರಿನ ಕೆಂಪು ಅಂಕಿ ಓಡುತ್ತಿತ್ತು. ಅದರ ಮೇಲೆಯೇ ಕಣ್ಣಿಟ್ಟು “ಊಟ ಆಯಿತಾ?” ಎಂದು ಕೇಳಿ, ಎಷ್ಟೋ ಸಲ ಉತ್ತರ ಪೂರ್ತಿ ಬರುವ ಮೊದಲೇ ಇಟ್ಟುಬಿಡುತ್ತಿದ್ದರು.

ಬಿಲ್ ಹಿಡಿದು ಹೋಗಿದ್ದೆ. ಕನ್ನಡಕ ಹಾಕಿ ಸಾಲುಸಾಲಾಗಿ ನೋಡಿದರು. “ನಿನಗೆ ಸರಿಯಾಗಿ ಮೋಸ ಮಾಡಿದ್ದಾರೆ. ಕಂಪೆನಿಯ ನಂಬರ್ ಕೊಡು, ನಾನು ಮಾತನಾಡುತ್ತೇನೆ. ನನ್ನದು ಹೇಗೂ ಅನ್‌ಲಿಮಿಟೆಡ್.”