ತಾತನ ಸಮಾಧಿಗೆ ದಾಖಲೆ ಕೇಳುವವರು

ಈ ಸಲ ಬೆಂಗಳೂರಿಗೆ ಬಂದಿದ್ದಾಗ, ಫ್ರೀಡಂ ಪಾರ್ಕಿನಲ್ಲಿ ಅರಣ್ಯ ಹಕ್ಕಿಗಾಗಿ ಧರಣಿ ಕುಳಿತಿದ್ದ ಆದಿವಾಸಿಗಳ ನಡುವೆ ಒಂದು ಮಧ್ಯಾಹ್ನ ಕಳೆದೆ. ಕಾಡಿನ ತಮ್ಮ ವಸತಿಗಳಾದ ಹಾಡಿ, ಪೋಡುಗಳಿಂದ ರಾತ್ರಿಯ ಬಸ್ಸು ಹಿಡಿದು ಬಂದವರು ಅವರು. ಎಪ್ಪತ್ತು ದಾಟಿದ ಒಬ್ಬ ಜೇನುಕುರುಬ ಅಜ್ಜಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅದರೊಳಗೆ ಪಡಿತರ ಚೀಟಿ, ಆಧಾರ್ ಕಾರ್ಡಿನ ಜೆರಾಕ್ಸ್, ಅರ್ಜಿ ಕೊಟ್ಟದ್ದಕ್ಕೆ ಸಿಕ್ಕ ಸ್ವೀಕೃತಿ, ಮತ್ತು ನಾಲ್ಕು ಮಡಿಕೆಯಾಗಿ ಮಡಿಕೆಯ ಗೆರೆಯಲ್ಲೇ ಹರಿಯತೊಡಗಿದ್ದ ಒಂದು ಹಿಂಬರಹ. ಅದನ್ನು ನನ್ನ ಕೈಗಿತ್ತು ಓದಿ ಹೇಳು ಎಂದರು. ಸೂಕ್ತ ದಾಖಲೆಗಳನ್ನು ಹಾಜರುಪಡಿಸದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂಬುದಿಷ್ಟೇ ಅದರಲ್ಲಿದ್ದದ್ದು. ಓದಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ತಾತನ್ನ ಮಣ್ಣು ಮಾಡಿರದು ಅಲ್ಲೇ ಕಣಪ್ಪ, ತಲೆ ತಾವು ಒಂದು ಕಲ್ಲು ನೆಟ್ಟಿದ್ದೀವಿ. ಆ ಕಲ್ಲು ಕಿತ್ಕೊಂಡು ಬೆಂಗ್ಳೂರಿಗೆ ತರ್ಲಾ?" ಎಂದು ಕೇಳಿದರು.

ನಾನು ಹದಿನಾರು ವರ್ಷಗಳಿಂದ ಮೆಲ್ಬರ್ನಿನಲ್ಲಿ ನೆಲೆಸಿದ್ದೇನೆ. ಅಜ್ಜಿಯ ಪ್ರಶ್ನೆ ಕೇಳಿದೊಡನೆ ನನ್ನ ನೆನಪು ಹೋದದ್ದು ನಾನಿರುವ ವಿಕ್ಟೋರಿಯ ರಾಜ್ಯದ ಉತ್ತರ ಗಡಿಯಲ್ಲಿ, ಮರ್ರಿ ನದಿಯ ದಂಡೆಯಲ್ಲಿ ಬಾಳಿ ಬಂದ ಯೋರ್ಟಾ ಯೋರ್ಟಾ ಎಂಬ ಮೂಲನಿವಾಸಿ ಜನರ ಮೊಕದ್ದಮೆಯ ಕಡೆಗೆ. ಬ್ರಿಟಿಷರು ಬಂದಿಳಿದಾಗ ಆಸ್ಟ್ರೇಲಿಯ ಯಾರದ್ದೂ ಅಲ್ಲದ ನೆಲವಾಗಿತ್ತು ಎಂಬ ವಾದವನ್ನು ಅಲ್ಲಿನ ಹೈಕೋರ್ಟು, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, 1992ರ ಜೂನ್ 3ರಂದು ಮೂಲನಿವಾಸಿ ಹೋರಾಟಗಾರ ಎಡ್ಡಿ ಮಾಬೊ ಅವರ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ತೀರ್ಪು ಬರುವ ಸುಮಾರು ನಾಲ್ಕೂವರೆ ತಿಂಗಳ ಮೊದಲೇ ಮಾಬೊ ತೀರಿಕೊಂಡಿದ್ದರು. ಮರುವರ್ಷ ಮೂಲನಿವಾಸಿಗಳ ಭೂಹಕ್ಕಿನ ಕಾಯ್ದೆ ಬಂತು. ಆದರೆ ಆ ಹಕ್ಕು ಬೇಕೆನ್ನುವವರು ಬ್ರಿಟಿಷರ ಆಳ್ವಿಕೆ ಆರಂಭವಾದಂದಿನಿಂದ ಇಂದಿನವರೆಗೆ ತಮ್ಮ ಕಟ್ಟುಕಟ್ಟಳೆಗಳು ಕಡಿಯದೆ ನಡೆದುಬಂದಿವೆ ಎಂಬುದನ್ನು ತಾವೇ ಸಾಬೀತುಪಡಿಸಬೇಕಾಗಿತ್ತು. ಯೋರ್ಟಾ ಯೋರ್ಟಾ ಹಿರಿಯರು ನ್ಯಾಯಾಲಯದ ಮುಂದೆ ನಿಂತು ತಮ್ಮ ಅಜ್ಜ ಅಜ್ಜಿಯರಿಂದ ಕೇಳಿದ್ದನ್ನು ಹೇಳಿದರು. 1998ರಲ್ಲಿ ತೀರ್ಪಿತ್ತ ನ್ಯಾಯಾಧೀಶರು ಆ ಮಾತಿಗಿಂತ ಹೆಚ್ಚಿನ ತೂಕ ಕೊಟ್ಟದ್ದು ಎಡ್ವರ್ಡ್ ಕರ್ ಎಂಬ ಬಿಳಿಯ ಕುರಿಸಾಕಣೆಗಾರ ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದಿಟ್ಟ ಪುಸ್ತಕಕ್ಕೆ. ಅವರ ನೆಲಕ್ಕೆ ಕುರಿಮಂದೆ ನುಗ್ಗಿಸಿದವನೇ ಅವರ ಪರಂಪರೆಗೆ ಸಾಕ್ಷಿಯಾದ. ಇತಿಹಾಸದ ಪ್ರವಾಹದಲ್ಲಿ ಅವರ ಹಕ್ಕು ಕೊಚ್ಚಿಹೋಗಿದೆ ಎಂಬ ಆ ತೀರ್ಪನ್ನು 2002ರ ಡಿಸೆಂಬರಿನಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಒಕ್ಕಲೆಬ್ಬಿಸಿದ್ದು ಯಾರು, ಕೊಂಡಿ ಕಡಿದದ್ದು ಯಾರು ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಇಷ್ಟು ವಿವರವಾಗಿ ಇದನ್ನು ಹೇಳಲು ಕಾರಣವಿದೆ. ಸಾಕ್ಷ್ಯದ ವಿಷಯದಲ್ಲಿ ನಮ್ಮ ದೇಶದ ಕಾನೂನು ಆಸ್ಟ್ರೇಲಿಯದ ಕಾನೂನಿಗಿಂತ ಬಹಳ ಹೆಚ್ಚು ಮನುಷ್ಯತ್ವವುಳ್ಳದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ, ಮತ್ತು ಬೆಂಗಳೂರಿನಲ್ಲಿರುವ ನನ್ನ ವಿದ್ಯಾವಂತ ಬಂಧುಗಳಲ್ಲಿ ಹೆಚ್ಚಿನವರಿಗೆ ಈ ಸಂಗತಿಯೇ ಗೊತ್ತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ತನ್ನ ಪೀಠಿಕೆಯಲ್ಲಿಯೇ ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡಿದೆ. ಅದರ ನಿಯಮಗಳು ಯಾವುದನ್ನು ಸಾಕ್ಷ್ಯವೆಂದು ಎಣಿಸಬೇಕು ಎಂದು ಹೇಳುವಾಗ ಸರ್ಕಾರಿ ಕಡತಗಳ ಜೊತೆಜೊತೆಗೇ ಊರಿನ ಹಿರಿಯರ ಹೇಳಿಕೆಯನ್ನು, ಮನೆಯ ಮತ್ತು ಬದುವಿನ ಕುರುಹನ್ನು, ಬಾವಿಯನ್ನು, ದೇವರ ಬನವನ್ನು, ಸಮಾಧಿಯನ್ನು ಹೆಸರಿಸುತ್ತವೆ. ಇಂಥದ್ದೇ ದಾಖಲೆ ಬೇಕೆಂದು ಪಟ್ಟು ಹಿಡಿಯುವಂತಿಲ್ಲ, ಉಪಗ್ರಹ ಚಿತ್ರವು ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಜಾಗಕ್ಕೆ ಬರುವಂತಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿತು. ಅರ್ಜಿಯನ್ನು ಮೊದಲು ಪರಿಶೀಲಿಸಬೇಕಾದದ್ದು ಗ್ರಾಮಸಭೆ. ತಿರಸ್ಕರಿಸುವುದಾದರೆ ಕಾರಣವನ್ನು ವಿವರಿಸಿ ಅರ್ಜಿದಾರರಿಗೆ ತಿಳಿಸಬೇಕು, ಏಕೆಂದರೆ ಮೇಲ್ಮನವಿಗೆ ಅವರಿಗಿರುವುದು 60 ದಿನ. ಈ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ.

ಹೀಗೆ ನೋಡಿದರೆ ಅಜ್ಜಿ ನೆಟ್ಟ ಕಲ್ಲು ಕಾನೂನಿನ ಕಣ್ಣಿನಲ್ಲಿ ದಾಖಲೆಯೇ. ಅದನ್ನು ಬೆಂಗಳೂರಿಗೆ ತರಬೇಕಾಗಿಲ್ಲ, ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯೇ ಅಲ್ಲಿಗೆ ಹೋಗಿ ನೋಡಿ ಬರೆದುಕೊಳ್ಳಬೇಕು. ಆದರೆ ಆ ಹಿಂಬರಹದಲ್ಲಿ ಕಲ್ಲಿನ ಮಾತಿರಲಿಲ್ಲ, ಯಾರಾದರೂ ಸ್ಥಳಕ್ಕೆ ಹೋಗಿದ್ದರ ಗುರುತೂ ಇರಲಿಲ್ಲ. ತಾರೀಖು ನೋಡಿದೆ. ಅದು ಅಜ್ಜಿಯ ಕೈ ಸೇರುವ ಹೊತ್ತಿಗೆ 60 ದಿನ ಕಳೆದುಹೋಗಿತ್ತು. ಕರ್ನಾಟಕದಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿವೆ. ಅವುಗಳಲ್ಲಿ ಮೂರು ತಲೆಮಾರಿನ ವಾಸವನ್ನು ತೋರಿಸಬೇಕಾದ ಇತರ ಪಾರಂಪರಿಕ ಅರಣ್ಯವಾಸಿಗಳ, ಅಂದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡಿನ ಜನರ ಅರ್ಜಿಗಳೇ ಹೆಚ್ಚು ಎಂಬುದು ನಿಜ. ಹಾಗೆಂದು ಆದಿವಾಸಿಯ ಅರ್ಜಿಯನ್ನು ಕಾಗದವಿಲ್ಲವೆಂದು ಮರಳಿಸುವುದಕ್ಕೆ ಅದರಿಂದ ಸಮರ್ಥನೆ ಸಿಗುವುದಿಲ್ಲ. ಕಾಡಿನಿಂದ ಹೊರಹಾಕಿದಾಗ ಹಾಡಿಯ ಹೆಸರು ಕಡತದಿಂದ ಅಳಿಯುತ್ತದೆ, ಪಡಿತರ ಚೀಟಿಗೆ ಪುನರ್ವಸತಿ ಕೇಂದ್ರದ ವಿಳಾಸ ಬರುತ್ತದೆ, ಆಮೇಲೆ ಅದೇ ಚೀಟಿಯನ್ನು ತೋರಿಸಿ ನೀವು ಅಲ್ಲಿಯವರಲ್ಲ ಎನ್ನಲಾಗುತ್ತದೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ಮರಳಿ ಹೋಗಿ ಗುಡಿಸಲು ಕಟ್ಟತೊಡಗಿದಾಗ ಎದ್ದ ಪ್ರಶ್ನೆಯೂ ಇದೇ ಆಗಿತ್ತು.

ಕಾನೂನು ನಡೆಯುವುದೇ ಇಲ್ಲವೆಂದಲ್ಲ. ಬಿಳಿಗಿರಿರಂಗನ ಬೆಟ್ಟ 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರಕಿತು. ದೇಶದ ಯಾವ ಹುಲಿ ಸಂರಕ್ಷಿತ ಪ್ರದೇಶದಲ್ಲಿಯೂ ಅದುವರೆಗೆ ಹಾಗಾಗಿರಲಿಲ್ಲ. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸುವುದು ಅಲ್ಲಿ ಕಳ್ಳತನವಲ್ಲ, ಹಕ್ಕು. ಚಿಕ್ಕವನಿದ್ದಾಗ ನಾವೆಲ್ಲ ಸೋಲಿಗರ ತರಗುಬೆಂಕಿಯನ್ನು ಕಾಡಿಗೆ ಕೊಡುವ ಕಿಚ್ಚು ಎಂದೇ ತಿಳಿದಿದ್ದೆವು. ಬೇಸಿಗೆಯ ಮೊದಲೇ ಒಣ ತರಗನ್ನು ಸುಡುತ್ತಿದ್ದ ಆ ಪದ್ಧತಿ ನಿಂತ ಮೇಲೆ ಲಂಟಾನ ಎಂಬ ಕಳೆ ಹಬ್ಬಿತು ಎಂದು ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ಆಸ್ಟ್ರೇಲಿಯದಲ್ಲಿ ಮೂಲನಿವಾಸಿಗಳ ಇಂಥದೇ ಸಣ್ಣ ಬೆಂಕಿಯನ್ನು ಕಾಳ್ಗಿಚ್ಚು ತಡೆಯುವ ವಿದ್ಯೆಯೆಂದು ಈಗ ಸರ್ಕಾರದ ಇಲಾಖೆಗಳೇ ಅವರಿಂದ ಕಲಿಯುತ್ತಿವೆ.

ಮೆಲ್ಬರ್ನಿನಲ್ಲಿ ಅಧಿಕೃತ ಸಭೆಗಳು ಸಾಮಾನ್ಯವಾಗಿ ನೆಲದ ಮೂಲ ಒಡೆಯರನ್ನು ನೆನೆದೇ ಶುರುವಾಗುತ್ತವೆ. ನಮ್ಮ ರಾಜ್ಯೋತ್ಸವದ ದಿನ ಆ ಮಾತನ್ನು ಕನ್ನಡದಲ್ಲಿ ಬರೆಯುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ವುರುಂಡ್ಜೆರಿ ಜನರನ್ನು ಈ ನೆಲದ ಒಡೆಯರು ಎಂದು ಬರೆಯುವಾಗ ಕೈ ತಡೆಯಿತು. ಮೈಸೂರು ಸೀಮೆಯವನಾದ ನನಗೆ ಒಡೆಯರೆಂದರೆ ಅರಮನೆಯವರು. ಜೇನುಕುರುಬರನ್ನು ನಾಗರಹೊಳೆಯ ಒಡೆಯರು ಎಂದು ನಾನು ಎಂದೂ ಕರೆದಿರಲಿಲ್ಲ ಎಂಬುದು ಆಗ ಅರಿವಿಗೆ ಬಂದು ನಾಚಿಕೆಯಾಯಿತು. ಮಾತಿಗೆ ಈ ಬಗೆಯ ಶಕ್ತಿಯಿದೆ. ಆದರೆ ಅದೇ ದೇಶ, ಮೂಲನಿವಾಸಿಗಳ ಅಭಿಪ್ರಾಯವನ್ನು ಸಂಸತ್ತಿಗೆ ಮುಟ್ಟಿಸುವ ಒಂದು ಸಲಹಾ ಮಂಡಳಿಯನ್ನು ಸಂವಿಧಾನದಲ್ಲಿ ಸೇರಿಸೋಣವೇ ಎಂದು 2023ರ ಅಕ್ಟೋಬರ್ 14ರಂದು ಕೇಳಿದಾಗ, ನೂರಕ್ಕೆ 60ರಷ್ಟು ಮತದಾರರು ಬೇಡವೆಂದರು. ಮುಂದಿನ ಸೋಮವಾರ ನನ್ನ ಕಚೇರಿಯ ಸಭೆಯೂ ಎಂದಿನಂತೆ ಒಡೆಯರ ಸ್ಮರಣೆಯಿಂದಲೇ ಆರಂಭವಾಯಿತು. ಅದನ್ನು ಓದಿದವರ ದನಿ ನಡುಗುತ್ತಿತ್ತು. ಒಂದು ಕಡೆ ಮಾತಿದೆ, ಅಧಿಕಾರವಿಲ್ಲ. ಇನ್ನೊಂದು ಕಡೆ ಗ್ರಾಮಸಭೆಗೆ ಕಾನೂನು ಕೊಟ್ಟ ಅಧಿಕಾರವಿದೆ, ಅದನ್ನು ಗೌರವದಿಂದ ಕೇಳಿಸಿಕೊಳ್ಳುವ ಮಾತಿಲ್ಲ.

ಫೆಬ್ರವರಿ 13 ಎಂಬ ತಾರೀಖು ನನ್ನನ್ನು ಕಾಡುತ್ತದೆ. 2008ರಲ್ಲಿ ಅದೇ ದಿನ ಆಸ್ಟ್ರೇಲಿಯದ ಅಂದಿನ ಪ್ರಧಾನಿ ಕೆವಿನ್ ರಡ್, ಸರ್ಕಾರವೇ ತಾಯಂದಿರ ಮಡಿಲಿನಿಂದ ಕಿತ್ತೊಯ್ದ ಮೂಲನಿವಾಸಿ ಮಕ್ಕಳ ತಲೆಮಾರುಗಳ ಮುಂದೆ ಸಂಸತ್ತಿನಲ್ಲಿ ಕ್ಷಮೆ ಕೋರಿದರು. 2019ರಲ್ಲಿ ಅದೇ ದಿನ ನಮ್ಮ ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ತೆರವುಗೊಳಿಸಬೇಕೆಂದು ಆದೇಶಿಸಿತು. ತಿರಸ್ಕಾರದ ಪ್ರಕ್ರಿಯೆ ಸರಿಯಾಗಿತ್ತೇ ಎಂಬ ಪ್ರಶ್ನೆ ಎದ್ದು, ಫೆಬ್ರವರಿ 28ರಂದು ಆ ಆದೇಶವನ್ನು ನ್ಯಾಯಾಲಯವೇ ತಡೆಹಿಡಿಯಿತು. ಅಜ್ಜಿಯಂಥವರು ಇಂದಿಗೂ ಕಾಡಿನ ಅಂಚಿನಲ್ಲಿರುವುದು ಆ ತಡೆಯ ನೆರಳಿನಲ್ಲಿ.

ಕಲ್ಯಾಣ ಯೋಜನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೇನುಕುರುಬರಿಗೆ, ಕೊರಗರಿಗೆ ಸರ್ಕಾರ ಕೊಡುವ ಪೌಷ್ಟಿಕ ಆಹಾರ ಬೇಕಾದದ್ದೇ, ಅದು ನಿಂತರೆ ಮಕ್ಕಳು ಹಸಿಯುತ್ತಾರೆ. ಆದರೆ ಕಚೇರಿಯ ಭಾಷೆಯಲ್ಲಿ ಅವರು ಸದಾ ಫಲಾನುಭವಿಗಳು, ಎಂದೂ ಹಕ್ಕುದಾರರಲ್ಲ. ಮೊಟ್ಟೆ, ರಾಗಿ ಕೊಟ್ಟಾಯಿತಲ್ಲ, ಇನ್ನು ಕಾಡೇಕೆ ಎಂದು ನನ್ನ ಭಾವನವರೇ ಊಟದ ಹೊತ್ತಿನಲ್ಲಿ ಕೇಳಿದರು. ವರ್ಷಕ್ಕೆರಡು ಸಲ ಕಬಿನಿಗೆ ಸಫಾರಿಗೆ ಹೋಗುವ, ಹುಲಿಯ ಮೇಲೆ ನಿಜವಾದ ಪ್ರೀತಿಯುಳ್ಳ ಮನುಷ್ಯ ಅವರು. ಸಫಾರಿ ಜೀಪು ಹೋಗುವ ದಾರಿಯಲ್ಲಿ ಹಾಡಿಗಳಿದ್ದವು ಭಾವ, ಅವರಿದ್ದೂ ಕಾಡು ಉಳಿದಿದ್ದಕ್ಕೇ ಅಲ್ಲವೇ ಅದು ರಾಷ್ಟ್ರೀಯ ಉದ್ಯಾನವಾದದ್ದು ಎಂದೆ. ಅವರು ಉತ್ತರಿಸಲಿಲ್ಲ, ಆದರೆ ಮಾತನ್ನು ಬದಲಿಸಲೂ ಇಲ್ಲ, ಹಿಂಬರಹದಲ್ಲಿ ಏನಿತ್ತು ಎಂದು ಮತ್ತೊಮ್ಮೆ ಕೇಳಿದರು.

ನಾನು ಕೇಳುವುದು ಹೊಸ ಕಾಯ್ದೆಯನ್ನಲ್ಲ. ಕಾಗದವಿಲ್ಲವೆಂದು ತಿರಸ್ಕರಿಸಿದ ಆದಿವಾಸಿಗಳ ಪ್ರತಿಯೊಂದು ಅರ್ಜಿಯನ್ನೂ ಬೆಂಗಳೂರಿನ ಸರ್ಕಾರ ಮತ್ತೆ ಗ್ರಾಮಸಭೆಗೆ ಕಳಿಸಲಿ, ಅರ್ಜಿಗಳನ್ನು ಪರಿಶೀಲಿಸುವ ಉಪವಿಭಾಗ ಮಟ್ಟದ ಸಮಿತಿ ಹಾಡಿಗೆ ನಡೆದುಹೋಗಿ ಹಿರಿಯರು ತೋರಿಸಿದ್ದನ್ನು ಅವರೆದುರಿಗೇ ಬರೆದುಕೊಳ್ಳಲಿ. ಸಂಜೆ ಅಜ್ಜಿಯನ್ನು ಮೈಸೂರು ರಸ್ತೆಯ ಬಸ್ ನಿಲ್ದಾಣಕ್ಕೆ ಬಿಟ್ಟುಬರಲು ಹೋದಾಗ, ಆ ಕಲ್ಲು ಎಲ್ಲಿದೆ ಎಂದು ಕೇಳಿದೆ. ಹೊಳೆ ದಾಟಿ ಎಡಕ್ಕೆ, ಮತ್ತಿಮರದ ಬುಡದಲ್ಲಿ, ಪಕ್ಕದಲ್ಲೇ ಹಾಳುಬಿದ್ದ ಬಾವಿ, ಅದರಾಚೆ ತಮ್ಮ ಮನೆಯ ಒಲೆಗಲ್ಲು ಎಂದು, ಕವರನ್ನು ಕಂಕುಳಲ್ಲಿ ಒತ್ತಿಕೊಂಡು, ಬಸ್ಸು ಹೊರಡುವವರೆಗೂ ಹೇಳುತ್ತಲೇ ಇದ್ದರು.