ಕಸದ ಅಧ್ಯಯನಕ್ಕೆ ಕಡಲಾಚೆಯ ಸ್ವಾತಂತ್ರ್ಯೋತ್ಸವ

ನಮ್ಮ ನಗರಸಭೆಯ ಸದಸ್ಯರು ಈ ಸಲದ ಆಗಸ್ಟ್ 15ನ್ನು ಸಿಂಗಪುರದಲ್ಲಿ ಆಚರಿಸಿ, ಕಸ ವಿಲೇವಾರಿಯಲ್ಲಿ ಪಾರಂಗತರಾಗಿ ಮರಳಿದ್ದಾರೆ. ಐದು ದಿನಗಳ ಈ ಕಾರ್ಯಕ್ರಮವನ್ನು ಯಾರೂ ಮೋಜೆಂದು ತಪ್ಪು ತಿಳಿಯಬಾರದೆಂದೇ ಕಡತದಲ್ಲಿ ‘ಅಧ್ಯಯನ ಪ್ರವಾಸ’ ಎಂದು ನಮೂದಿಸಿ, ವೆಚ್ಚವನ್ನು ಘನತ್ಯಾಜ್ಯ ನಿರ್ವಹಣೆಯ ಲೆಕ್ಕಕ್ಕೆ ಹಾಕಲಾಗಿತ್ತು. ರಾಷ್ಟ್ರೀಯ ಹಬ್ಬದ ದಿನವೇ ಏಕೆಂದು ಕೇಳಿದವರಿಗೆ, ರಜೆಯಲ್ಲಿ ಹೋದರೆ ಕಚೇರಿ ಕೆಲಸಕ್ಕೆ ಧಕ್ಕೆಯಾಗುವುದಿಲ್ಲವೆಂಬ ಉತ್ತರ ದೊರೆಯಿತು. ಧಕ್ಕೆಯಾಗಲು ಮೊದಲು ಕೆಲಸ ನಡೆಯುತ್ತಿರಬೇಕಲ್ಲವೇ ಎಂದು ನಾನು ಮರುಪ್ರಶ್ನೆ ಹಾಕಲಿಲ್ಲ. ನಮ್ಮ ಮನೆಯ ಖಾತಾ ಬದಲಾವಣೆಯ ಅರ್ಜಿ ಇನ್ನೂ ಅವರ ಮೇಜಿನ ಮೇಲಿದೆ.

ಅಲ್ಲಿನ ಭಾರತೀಯ ಹೈಕಮಿಷನ್ ಅಂದು ಬೆಳಿಗ್ಗೆ ನಡೆಸಿದ ಧ್ವಜಾರೋಹಣಕ್ಕೆ ನಮ್ಮವರು ಹೋಗಲಾಗಲಿಲ್ಲ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದ್ದು, ಅಲ್ಲಿ ಏಳು ಹೊಡೆದಾಗ ಇಲ್ಲಿ ಇನ್ನೂ ನಾಲ್ಕೂವರೆ. ಪರದೇಶದಲ್ಲಿದ್ದರೂ ತಮ್ಮ ದೇಹ ಭಾರತೀಯ ಕಾಲಮಾನವನ್ನೇ ಪಾಲಿಸಿತೆಂದು ಹಿರಿಯ ಸದಸ್ಯರೊಬ್ಬರು ಹೆಮ್ಮೆಯಿಂದ ಹೇಳಿಕೊಂಡರು. ಇದಕ್ಕಿಂತ ದೇಶಭಕ್ತಿ ಬೇಕೆ?

ಹತ್ತು ಗಂಟೆಯ ಮೇಲೆ ತಂಡವು ಮೆರ್ಲಯನ್ ಪ್ರತಿಮೆಯ ಮುಂದೆ ಸಾಲಾಗಿ ನಿಂತಿತು. ಸಿಂಹದ ತಲೆ, ಮೀನಿನ ಮೈಯ, 8.6 ಮೀಟರ್ ಎತ್ತರದ ಈ ಮೂರ್ತಿಯು ಕಸ ಎಸೆದರೂ ಉಗುಳಿದರೂ ದಂಡ ಹಾಕುವ ಆ ದೇಶದಲ್ಲಿ ಹಗಲಿಡೀ ನಿರ್ಭಯವಾಗಿ ಬಾಯಿಂದ ನೀರು ಉಗುಳುವ ಏಕೈಕ ಪ್ರಾಣಿ. ಬಹುಶಃ ಅದಕ್ಕೇ ನಮ್ಮವರಿಗೆ ಅದರೊಡನೆ ಅಷ್ಟು ಆತ್ಮೀಯತೆ ಬೆಳೆದಿರಬೇಕು. ಫೋಟೊದಲ್ಲಿ ಎಲ್ಲರ ಎದೆಯ ಮೇಲೂ ತ್ರಿವರ್ಣದ ಬ್ಯಾಡ್ಜ್ ಇದೆ. ಎಡದಿಂದ ಮೂರನೆಯವರದರಲ್ಲಿ ಹಸಿರು ಮೇಲಿದೆ.

ಅಲ್ಲಿಂದ ನಡೆದೇ ಹೋಗಬಹುದಾದ ಎಸ್ಪ್ಲನೇಡ್ ಉದ್ಯಾನದಲ್ಲಿ ಆಜಾದ್ ಹಿಂದ್ ಫೌಜಿನ ಸ್ಮಾರಕದ ಜಾಗವಿದೆ. 1945ರ ಜುಲೈನಲ್ಲಿ ಸುಭಾಷಚಂದ್ರ ಬೋಸರು ಶಂಕುಸ್ಥಾಪನೆ ಮಾಡಿದ ಆ ಸ್ಮಾರಕವನ್ನು ಸೆಪ್ಟೆಂಬರಿನಲ್ಲಿ ಮರಳಿ ಬಂದ ಬ್ರಿಟಿಷರು ಕೆಡವಿದರು. 1995ರಲ್ಲಿ ಸಿಂಗಪುರದವರೇ ಅಲ್ಲೊಂದು ಗುರುತುಫಲಕ ನಿಲ್ಲಿಸಿದರು. ಸ್ವಾತಂತ್ರ್ಯ ದಿನದಂದು ಅಲ್ಲಿಗೆ ಹೋಗಲಿಲ್ಲವೇ ಎಂದರೆ, ಅದು ವೇಳಾಪಟ್ಟಿಯಲ್ಲಿರಲಿಲ್ಲವಂತೆ. ಮುಸ್ತಫಾ ಸೆಂಟರ್ ಎಂಬ ದೊಡ್ಡ ಮಳಿಗೆ ಮಾತ್ರ ಎರಡು ಸಲ ಇತ್ತು.

ಇನ್ನು ಅಧ್ಯಯನದ ಮಾತು. ಸಿಂಗಪುರವು ಉರಿಯುವ ಕಸವನ್ನೆಲ್ಲ ಸುಟ್ಟು ವಿದ್ಯುತ್ ಪಡೆದು, ಉಳಿದ ಬೂದಿಯನ್ನು ದೋಣಿಗಳಲ್ಲಿ ಸೆಮಕಾವ್ ದ್ವೀಪಕ್ಕೆ ಸಾಗಿಸುತ್ತದೆ. ಕಡಲಿನಲ್ಲಿ 7 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ, ಒಸರದಂತೆ ಪದರ ಹಾಸಿ, 1999ರಿಂದ ಅಲ್ಲಿ ತುಂಬಿಸುತ್ತಿದೆ. ಅದನ್ನು ನೋಡಲು ದೋಣಿ ಹತ್ತಬೇಕಾಗಿದ್ದರಿಂದ ನಮ್ಮವರು ಹೋಟೆಲಿನ ಸಭಾಂಗಣದಲ್ಲೇ ಹನ್ನೆರಡು ನಿಮಿಷದ ವಿಡಿಯೊ ವೀಕ್ಷಿಸಿ ಟಿಪ್ಪಣಿ ಬರೆದುಕೊಂಡರು. ಬಳಿಕ ಸಲ್ಲಿಸಿದ ನಾಲ್ಕು ಪುಟಗಳ ವರದಿಯಲ್ಲಿ ಒಂದೇ ಶಿಫಾರಸಿದೆ: ನಮ್ಮ ಊರಿಗೆ ಸಮುದ್ರವಿಲ್ಲದ ಕಾರಣ, ಕಸವನ್ನು ದೊಡ್ಡಕೆರೆಗೆ ತುಂಬಿಸುವುದು ಸೂಕ್ತ. ಸಲಹೆ ಬಂದ ಮೇಲೆ ಜಾರಿಗೆ ವರ್ಷಗಳು ಹಿಡಿಯುವ ನಾಡಿನಲ್ಲಿ, ಈ ಸಲಹೆ ಹತ್ತು ವರ್ಷಗಳಿಂದ ಜಾರಿಯಲ್ಲಿದೆ.

ಇತ್ತ ನಗರಸಭೆಯ ಅಂಗಳದಲ್ಲಿ ಧ್ವಜ ಹಾರಿಸಲು ಅಧ್ಯಕ್ಷರಿರಲಿಲ್ಲ, ಉಪಾಧ್ಯಕ್ಷರಿರಲಿಲ್ಲ, ಪೌರಾಯುಕ್ತರೂ ಮಾರ್ಗದರ್ಶನಕ್ಕೆಂದು ವಿಮಾನ ಹತ್ತಿದ್ದರು. ಹಗ್ಗವು ಕೈಯಿಂದ ಕೈಗೆ ಇಳಿಯುತ್ತ ಕೊನೆಗೆ ದ್ವಿತೀಯ ದರ್ಜೆ ಸಹಾಯಕರೊಬ್ಬರ ಪಾಲಿಗೆ ಬಂತು. ಅವರು ಹೆದರುತ್ತಲೇ ಎಳೆದರು; ಧ್ವಜ ಬಿಚ್ಚಿಕೊಂಡು ಚೆಂಡುಹೂವಿನ ಎಸಳುಗಳು ಉದುರಿದವು. ಚಾಕೊಲೇಟು ಪಡೆದ ಮಕ್ಕಳು ಮನೆಗೆ ಹೋದ ಮೇಲೆ, ಬೆಳಗಿನ ಜಾವ ಐದಕ್ಕೇ ಬಂದಿದ್ದ ಪೌರಕಾರ್ಮಿಕರು ಆ ಎಸಳುಗಳನ್ನೂ ಚಾಕೊಲೇಟಿನ ಕಾಗದಗಳನ್ನೂ ಒಟ್ಟಿಗೆ ಗುಡಿಸಿ, ಕಾಂಪೌಂಡಿನ ಮೂಲೆಯಲ್ಲಿ ಬ್ಲೀಚಿಂಗ್ ಪುಡಿ ಚೆಲ್ಲಿ ಬಿಳುಪಾಗಿಸಿದ್ದ ಗುಡ್ಡೆಯ ಮೇಲೆ ಸುರಿದರು.